ಎಳ್ಳಿನ ಜೊತೆಗೊಂದು ಕಾಗದ

ವರ್ಷಕ್ಕೊಮ್ಮೆ, ಜನವರಿಯ ಮೊದಲ ಎರಡು ವಾರಗಳಲ್ಲಿ, ನಾನು ಇಪ್ಪತ್ತು ಇಪ್ಪತ್ತೈದು ಜನಕ್ಕೆ ಕಾಗದ ಬರೆಯುತ್ತೇನೆ. ಹಳೆಯ ಸಹೋದ್ಯೋಗಿಗಳು, ನನ್ನ ಪುಸ್ತಕ ಓದಿ ಪರಿಚಯವಾದ ಕೆಲವರು, ಊರೂರಿಗೆ ಚದುರಿಹೋದ ಬಂಧುಗಳು ಇದರಲ್ಲಿ ಸೇರಿದ್ದಾರೆ. ಹಿಂದಿನ ವರ್ಷ ಏನು ಓದಿದೆ, ಏನು ಬರೆದೆ, ಮಂಡಿ ಎಷ್ಟರ ಮಟ್ಟಿಗೆ ಮಾತು ಕೇಳುತ್ತಿದೆ ಎಂಬ ವರದಿ ಅದು. ಹತ್ತಿರದವರಿಗೆ ಕಾಗದದ ಜೊತೆ ಒಂದು ಪೊಟ್ಟಣ ಎಳ್ಳನ್ನೂ ಕಳಿಸುತ್ತೇನೆ. ಫೋನಿನಲ್ಲಿ ಎಲ್ಲವೂ ತಿಳಿಯುವ ಈ ಕಾಲದಲ್ಲಿ ಕಾಗದ ಯಾಕೆ ಎಂದು ಮಗ ಕೇಳುತ್ತಾನೆ. ಎಳ್ಳನ್ನು ಫೋನಿನಲ್ಲಿ ಕಳಿಸಲಾಗುವುದಿಲ್ಲವಲ್ಲ ಎನ್ನುವುದು ನನ್ನ ಉತ್ತರ. ಈ ವರ್ಷ ಕಾಗದ ತಡವಾಗಿದೆ, ಉದ್ದವೂ ಆಗಿದೆ.

ಹೊಸ ವರ್ಷದ ವರದಿಯನ್ನು ಯಾವ ಹೊಸ ವರ್ಷಕ್ಕೆ ಬರೆಯಬೇಕು ಎನ್ನುವುದೇ ನನ್ನಂಥವರಿಗೆ ಒಂದು ಸಮಸ್ಯೆ. ಮೂವತ್ತಮೂರು ವರ್ಷ ಚರಿತ್ರೆ ಪಾಠ ಹೇಳಿದ ನನಗೆ ವರ್ಷ ಶುರುವಾಗುತ್ತಿದ್ದದ್ದು ಜೂನ್ ತಿಂಗಳ ಮೊದಲ ಮಳೆಯಲ್ಲಿ, ಹಾಜರಿ ಪುಸ್ತಕಕ್ಕೆ ರಟ್ಟು ಹಾಕುವಾಗ. ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದವರು, ಅವರ ವರ್ಷ ಏಪ್ರಿಲ್ ಒಂದಕ್ಕೆ. ಅಮ್ಮನಿಗೆ ಯುಗಾದಿ. ಎಲ್ಲರೂ ಒಪ್ಪಿಕೊಂಡಿರುವ ಜನವರಿ ಒಂದನೆಯ ತಾರೀಖೂ ಅಷ್ಟೇನೂ ಪುರಾತನವಲ್ಲ. ಇಂಗ್ಲೆಂಡಿನಲ್ಲಿ 1751ರವರೆಗೆ ಕಾನೂನಿನ ಪ್ರಕಾರ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. 1752ರಲ್ಲಿ ಜನವರಿ ಒಂದಕ್ಕೆ ಬದಲಾಯಿಸಿದರು. ಅದೇ ವರ್ಷ ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದು ಹನ್ನೊಂದು ದಿನಗಳನ್ನೇ ನುಂಗಿಹಾಕಿದರು. ಅದಕ್ಕೂ ಹಿಂದಿನ ಈಸ್ಟ್ ಇಂಡಿಯಾ ಕಂಪನಿಯ ಕಾಗದಪತ್ರ ಓದುವವರು ಜನವರಿ, ಫೆಬ್ರವರಿ ತಿಂಗಳು ಬಂದಾಗಲೆಲ್ಲ ಇದು ಯಾವ ಇಸವಿಯದು ಎಂದು ಒಂದು ಗಳಿಗೆ ನಿಂತು ಯೋಚಿಸಬೇಕಾಗುತ್ತದೆ.

ನಮ್ಮವರೂ ಪಂಚಾಂಗ ತಿದ್ದಲು ಹೊರಟರು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯಾಯಿತು. ಅದು 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22, ಅಂದರೆ ಶಕ 1879ರ ಚೈತ್ರ 1, ರಾಷ್ಟ್ರೀಯ ಪಂಚಾಂಗದ ಮೊದಲ ದಿನವಾಯಿತು. ಗೆಜೆಟ್ಟಿನ ನೆತ್ತಿಯ ಮೇಲೆ ಆ ತಾರೀಖು ಇರುತ್ತದೆ, ಆಕಾಶವಾಣಿಯ ವಾರ್ತೆಯಲ್ಲೂ ಕೇಳುತ್ತದೆ. ಆ ಲೆಕ್ಕದಲ್ಲಿ ಹುಟ್ಟುಹಬ್ಬ ಮಾಡಿಕೊಳ್ಳುವವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ.

ನಾನು ಸಂಕ್ರಾಂತಿಯನ್ನು ಆರಿಸಿಕೊಂಡದ್ದಕ್ಕೆ ದೊಡ್ಡ ತತ್ತ್ವವೇನಿಲ್ಲ. ಎಳ್ಳು ಹೇಗೂ ಕಳಿಸಬೇಕಿತ್ತು, ಕಾಗದವೂ ಜೊತೆಗೆ ಹೋಗಲಿ ಎಂದು. ಆದರೆ ಈ ಹಬ್ಬದ ತಾರೀಖಿನಲ್ಲಿ ಒಂದು ತಮಾಷೆಯಿದೆ, ತರಗತಿಯಲ್ಲಿ ನಾನದನ್ನು ಪ್ರತಿವರ್ಷ ಹೇಳುತ್ತಿದ್ದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು. ಅಂದು ಮಕರ ಸಂಕ್ರಾಂತಿ. ನಮ್ಮ ಬಾಲ್ಯದಲ್ಲಿ ಹಬ್ಬ ಜನವರಿ 14ಕ್ಕೆ ಬರುತ್ತಿತ್ತು. ಈಗ ಕೆಲವು ವರ್ಷ 14, ಕೆಲವು ವರ್ಷ 15. ಪಂಚಾಂಗದವರು ಸೂರ್ಯನನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿಟ್ಟು ಎಣಿಸುತ್ತಾರೆ. ಋತುಗಳು ನಡೆಯುವುದು ಬೇರೆ ಲೆಕ್ಕದಲ್ಲಿ. ಭೂಮಿಯ ಅಕ್ಷ ಬುಗುರಿಯ ತಲೆಯ ಹಾಗೆ ನಿಧಾನವಾಗಿ ತೂಗಾಡುವುದರಿಂದ ಎರಡರ ನಡುವೆ ವರ್ಷಕ್ಕೆ ಸುಮಾರು ಇಪ್ಪತ್ತು ನಿಮಿಷದ ವ್ಯತ್ಯಾಸ ಬೀಳುತ್ತದೆ. ಎಪ್ಪತ್ತೆರಡು ವರ್ಷಕ್ಕೆ ಹತ್ತಿರಹತ್ತಿರ ಒಂದು ದಿನ. ಸೂರ್ಯ ನಿಜವಾಗಿ ಉತ್ತರದ ಕಡೆ ಹೊರಳುವುದು ಡಿಸೆಂಬರ್ 21 ಅಥವಾ 22ಕ್ಕೆ. ಹಬ್ಬವೂ ಆ ಹೊರಳುವಿಕೆಯೂ ಒಂದೇ ದಿನ ಬಿದ್ದದ್ದು ಸುಮಾರು ಸಾವಿರದ ಏಳುನೂರು ವರ್ಷಗಳ ಹಿಂದೆ. ಹಿಂದಿನಿಂದ ನಡೆದುಬಂದದ್ದು, ಒಂದು ಕೂದಲೆಳೆ ಆಚೀಚೆ ಆಗಬಾರದು ಎಂದು ನಾವು ಹೇಳುವ ಹಬ್ಬ ಸದ್ದಿಲ್ಲದೆ ಇಪ್ಪತ್ತನಾಲ್ಕು ದಿನ ಆಚೆಗೆ ಸರಿದು ಕೂತಿದೆ.

ತಾರೀಖು ಹಾಗಿರಲಿ, ತಟ್ಟೆಯಲ್ಲಿರುವುದನ್ನು ನೋಡೋಣ. ಮೈಸೂರಿನ ಕಡೆ ಎಳ್ಳು ಎಂದರೆ ಬರೀ ಎಳ್ಳಲ್ಲ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ, ಈ ಐದೂ ಸೇರಿದ ಮಿಶ್ರಣಕ್ಕೇ ಎಳ್ಳು ಎಂದು ಹೆಸರು. ಐದರಲ್ಲಿ ಎಳ್ಳು ಅಪ್ಪಟ ಈ ನೆಲದ್ದು. ಅದರ ಕಾಡು ಪೂರ್ವಜ ಪಶ್ಚಿಮ ಕರಾವಳಿಯ ಬಯಲುಗಳಲ್ಲಿ ಇವತ್ತಿಗೂ ಬೆಳೆಯುತ್ತದೆ. ಹರಪ್ಪದ ಅಗೆತದಲ್ಲಿ ಸುಟ್ಟು ಕರಕಲಾದ ಎಳ್ಳು ಸಿಕ್ಕಿದೆ. ಎಳ್ಳನ್ನು ಹುರಿಯುವಾಗ ಒಂದು ಕ್ಷಣ ಮೈಮರೆತು ಕಪ್ಪು ಮಾಡಿದ ಯಾರನ್ನೋ ನೆನೆದು ನನಗೆ ಸಮಾಧಾನವಾಗುತ್ತದೆ. ಭಾಷೆಯಲ್ಲೂ ಎಳ್ಳಿನದೇ ಮೊದಲ ಮಣೆ. ಎಳ್ಳಿನ ನೆಯ್ಯೇ ಎಣ್ಣೆ. ಸಂಸ್ಕೃತದ ತಿಲದಿಂದ ಬಂದದ್ದು ತೈಲ. ಈಗ ಸೂರ್ಯಕಾಂತಿಯ ಎಣ್ಣೆ ಎನ್ನುತ್ತೇವೆ, ಸೀಮೆಎಣ್ಣೆ ಎನ್ನುತ್ತೇವೆ. ಎಲ್ಲವೂ ಎಳ್ಳಿನಿಂದ ಸಾಲ ತಂದ ಹೆಸರು.

ಉಳಿದವರೆಲ್ಲ ನೆಂಟರು. ಕಬ್ಬನ್ನು ಮೊದಲು ಪಳಗಿಸಿದ್ದು ನ್ಯೂಗಿನಿಯ ಜನ. ಆದರೆ ರಸವನ್ನು ಕಾಯಿಸಿ ಗಟ್ಟಿ ಮಾಡುವ ವಿದ್ಯೆ ಬೆಳೆದದ್ದು ಇಲ್ಲಿ. ಯೂರೋಪಿನ ಭಾಷೆಗಳ ಸಕ್ಕರೆಯೆಲ್ಲ ನಮ್ಮ ಶರ್ಕರದ ಮಕ್ಕಳು. ಕಡಲೆ ಈಗಿನ ತುರ್ಕಿಯ ಆಗ್ನೇಯ ಭಾಗದಿಂದ, ಸಾವಿರಾರು ವರ್ಷಗಳ ಹಿಂದೆಯೇ, ಗೋಧಿಯ ದಾರಿ ಹಿಡಿದು ಬಂದದ್ದು. ತೆಂಗು ಸಮುದ್ರದ ಅಂಚಿನ ಗಿಡ, ಅದನ್ನು ಒಳನಾಡಿನ ತಿಪಟೂರಿನವರೆಗೆ ತಂದು ನಿಲ್ಲಿಸಿದ್ದು ನಮ್ಮ ರೈತರ ಸಾಹಸ. ಹಬ್ಬಕ್ಕೆ ಬೇಕಾದದ್ದು ತಿಪಟೂರು, ಅರಸೀಕೆರೆ ಕಡೆಯ ಉಂಡೆ ಕೊಬ್ಬರಿಯೇ. ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹಾಕಿ ಹತ್ತಾರು ತಿಂಗಳು ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗುಂಡು ಲೊಡಲೊಡ ಎನ್ನಬೇಕು. ಅವಸರದಲ್ಲಿ ಒಣಗಿಸಿದ ಕೊಬ್ಬರಿಗೆ ಆ ಸಿಹಿಯಿಲ್ಲ.

ಕಡಲೆಕಾಯಿಯದು ಐವರಲ್ಲಿ ಕೊನೆಯ ಆಗಮನ. ಅದರ ತವರು ದಕ್ಷಿಣ ಅಮೆರಿಕ. ಕೊಲಂಬಸ್ ಹಡಗು ಹತ್ತುವವರೆಗೆ ಈ ಕಡೆಯ ಯಾರೂ ಅದನ್ನು ಕಂಡಿರಲಿಲ್ಲ. ಯೂರೋಪಿನ ಹಡಗುಗಳ ಜೊತೆ ಅದು ನಮ್ಮಲ್ಲಿಗೆ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮಾರ್ಸೇ ಪಟ್ಟಣದ ಎಣ್ಣೆ, ಸಾಬೂನಿನ ಕಾರ್ಖಾನೆಗಳು ಪಾಂಡಿಚೇರಿಯ ರೇವಿನಿಂದ ಮೂಟೆಗಟ್ಟಲೆ ಕೊಂಡುಕೊಳ್ಳತೊಡಗಿದ ಮೇಲೆ ದಕ್ಷಿಣದ ಹೊಲಗಳಲ್ಲಿ ಹಬ್ಬಿತು. ಬಂದವಳಿಗೆ ನಾವು ಇದ್ದವಳ ಹೆಸರನ್ನೇ ಕೊಟ್ಟೆವು. ಕಡಲೆಗೂ ಇದಕ್ಕೂ ರೂಪದ ಹೋಲಿಕೆ ಅಷ್ಟಕ್ಕಷ್ಟೆ. ಧಾರವಾಡದವರು ಶೇಂಗಾ ಎಂದು ಬೇರೆ ಹೆಸರಿಟ್ಟು ಗೊಂದಲದಿಂದ ಪಾರಾಗಿದ್ದಾರೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ಹೊಲಕ್ಕೆ ನುಗ್ಗಿ ಕಡಲೆಕಾಯಿ ಮೇಯುತ್ತಿದ್ದ ಬಸವನಿಗೆ ಮೊದಲ ಫಸಲನ್ನು ಒಪ್ಪಿಸುವುದಾಗಿ ರೈತರು ಹರಸಿಕೊಂಡ ಕಥೆ ಅಲ್ಲಿ ಹೇಳುತ್ತಾರೆ. ಪರದೇಶದ ಬೆಳೆಯ ಮೊದಲ ರುಚಿ ಹಿಡಿದದ್ದು ಬಸವನಿಗೇ ಎಂದು ಕಥೆಯನ್ನು ಓದಿಕೊಂಡರೆ ನನಗೇನೂ ಆಕ್ಷೇಪಣೆಯಿಲ್ಲ.

ಸಕ್ಕರೆ ಅಚ್ಚಿನ ವಿಷಯ ಇನ್ನೂ ಈಚಿನದು. ಆನೆ, ಗಿಳಿ, ತುಳಸಿ ಬೃಂದಾವನ, ಕುಂಕುಮದ ಭರಣಿ ಹೀಗೆ ಮರದ ಅಚ್ಚುಗಳಲ್ಲಿ ಎರೆಯುವ ಅವುಗಳಿಗೆ ಬೆಳ್ಳಗಿನ ಸಕ್ಕರೆಯೇ ಬೇಕು. ಶ್ರೀರಂಗಪಟ್ಟಣದ ಬಳಿ ಪಾಲಹಳ್ಳಿಯಲ್ಲಿ 1847ರಲ್ಲಿ ರೈತರ ಬೆಲ್ಲವನ್ನು ಶುದ್ಧಿ ಮಾಡಿ ಸಕ್ಕರೆ ತೆಗೆಯುವ ಅಷ್ಟಗ್ರಾಮದ ಕಾರ್ಖಾನೆ ಶುರುವಾಗಿತ್ತು. ಆದರೂ ಸಕ್ಕರೆ ಬಡವರ ಮನೆಯ ಡಬ್ಬಿಗೆ ಸುಲಭವಾಗಿ ಬರುವಂಥದ್ದಾಗಿರಲಿಲ್ಲ. 1920ರ ದಶಕದಲ್ಲೂ ಇಂಡಿಯಾ ಜಾವಾ ದ್ವೀಪದಿಂದ ಹಡಗುಗಟ್ಟಲೆ ಸಕ್ಕರೆ ತರಿಸಿಕೊಳ್ಳುತ್ತಿತ್ತು. ಕನ್ನಂಬಾಡಿಯ ನೀರು ಮಂಡ್ಯದ ಬಯಲಿಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲೆ ನಮ್ಮ ಕಡೆಯ ಸಂಕ್ರಾಂತಿಯ ತಟ್ಟೆಗಳು ಬೆಳ್ಳಗಾಗಿರಬೇಕು. ಸಕ್ಕರೆ ಅಚ್ಚಿಲ್ಲದ ಹಬ್ಬ ಹಬ್ಬವೇ ಅಲ್ಲ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಈಗ ಕಾಗದ ಓದುವವರೆಲ್ಲ ಕೇಳುವ ಪಾಕಕ್ಕೆ ಬರುತ್ತೇನೆ. ಅಮ್ಮನ ನೋಟುಬುಕ್ಕಿನಲ್ಲಿ ಅದು ಒಂದೇ ಸಾಲು: ಎಳ್ಳು ಅರೆಪಾವು, ಮಿಕ್ಕದ್ದು ಒಂದೊಂದು ಪಾವು. ಆ ನೋಟುಬುಕ್ಕು ಶುರುವಾದ ಕಾಲಕ್ಕೆ ಗ್ರಾಮು, ಕಿಲೋ ಇರಲಿಲ್ಲ. ತೂಕ ಮತ್ತು ಅಳತೆಯ ಕಾನೂನು 1956ರಲ್ಲಾಗಿ, 1958ರಿಂದ ಹಂತಹಂತವಾಗಿ ಜಾರಿಗೆ ಬಂತು. ಅದಕ್ಕೆ ಮುಂಚೆ ಸೇರು ಎಂದರೆ ಅಳತೆಯ ಸೇರೋ ತೂಕದ ಸೇರೋ, ತೂಕದ್ದಾದರೆ ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ಕೇಳಿಕೊಳ್ಳಬೇಕಿತ್ತು. ಕಚ್ಚಾ ಸೇರು 24 ತೊಲ, ಈಗಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, 933 ಗ್ರಾಂ. ಎರಡಕ್ಕೂ ಒಂದೇ ಹೆಸರು! ಅಮ್ಮನ ಹಿತ್ತಾಳೆಯ ಪಾವು ಇನ್ನೂ ನನ್ನ ಹತ್ತಿರ ಇರುವುದರಿಂದ ನನಗೆ ಈ ತಕರಾರಿಲ್ಲ. ಪಾವು ಕಾಣದ ಮೊಮ್ಮಕ್ಕಳಿಗಾಗಿ ಗ್ರಾಮಿಗೆ ಇಳಿಸಿದ್ದೇನೆ, ಇಳಿಸುವಾಗ ವೈದ್ಯರ ಮಾತನ್ನೂ ಸ್ವಲ್ಪ ಸೇರಿಸಿದ್ದೇನೆ. ನನ್ನ ಮೂಳೆ ಸವೆದಿದೆಯಂತೆ, ಸುಣ್ಣದ ಅಂಶ ಬೇಕಂತೆ.

ಎಳ್ಳು 150 ಗ್ರಾಂ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ತಲಾ 200, ಬೆಲ್ಲ 150. ಎಳ್ಳು ಹೆಚ್ಚು, ಬೆಲ್ಲ ಕಡಿಮೆ. ಅಂಗಡಿಯಲ್ಲಿ ಹೊಟ್ಟು ತೆಗೆದ ಮಲ್ಲಿಗೆಯಂಥ ಎಳ್ಳು ಸಿಗುತ್ತದೆ, ನೋಡಲು ಚೆಂದ. ಆದರೆ ಎಳ್ಳಿನ ಸುಣ್ಣದ ಅಂಶದ ಬಹುಪಾಲು ಇರುವುದು ಆ ಹೊಟ್ಟಿನಲ್ಲೇ. ಹೊಟ್ಟಿನಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ ಎಂದು ವೈದ್ಯರೇ ಹೇಳಿದರು. ಆದರೂ ಹೊಟ್ಟಿರುವ ಎಳ್ಳೇ ಇರಲಿ. ಅದನ್ನು ತೊಳೆದು, ಕಲ್ಲು ಜಾಲಿಸಿ, ಬಟ್ಟೆಯ ಮೇಲೆ ಆರಹಾಕಿ, ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಬೇಕು. ಚಟಪಟ ನಿಲ್ಲುವವರೆಗೆ ಕಾದರೆ ಹರಪ್ಪದ ಗತಿ. ಕೊಬ್ಬರಿಯ ಮೇಲಿನ ಕಂದು ಸಿಪ್ಪೆ ಹೆರೆದು, ಮೊದಲು ತೆಳ್ಳಗೆ ಬಿಲ್ಲೆ, ಆಮೇಲೆ ಎಳೆ, ಆಮೇಲೆ ಹುರಿಗಡಲೆಯಷ್ಟು ಚೂರು ಮಾಡಿ ಎರಡು ಮೂರು ಬಿಸಿಲು ಕೊಡಬೇಕು. ಬೆಲ್ಲವನ್ನು ಅಡಕೊತ್ತಿನಲ್ಲಿ ಕತ್ತರಿಸಿ ಬೇರೆ ತಟ್ಟೆಯಲ್ಲಿ ಬಿಸಿಲಿಗಿಡಬೇಕು, ಇರುವೆಗೆ ಒಬ್ಬರು ಕಾವಲು. ಕಡಲೆಕಾಯಿ ಬೀಜವನ್ನು ಹುರಿದು, ಉಜ್ಜಿ, ಮೊರದಲ್ಲಿ ಕೇರಿ, ಬೇಳೆ ಮಾಡಿ ಮೂಗು ತೆಗೆಯಬೇಕು. ಹುರಿಗಡಲೆಯನ್ನು ಸುಮ್ಮನೆ ಒಂದು ಸಲ ಬೆಚ್ಚಗೆ ಮಾಡಿದರೆ ಸಾಕು. ಎಲ್ಲವೂ ಪೂರ್ತಿ ಆರಿದ ಮೇಲೆಯೇ ಕಲಸುವುದು, ಇಲ್ಲದಿದ್ದರೆ ಬೆಲ್ಲ ಬೆವರುತ್ತದೆ. ಬಣ್ಣದ ಜೀರಿಗೆ ಪೆಪ್ಪರ್‌ಮೆಂಟು ನಾನು ಹಾಕುವುದಿಲ್ಲ. ಒಂದು ಸಣ್ಣ ಹಿಡಿಗೆ ನೂರೈವತ್ತು ಕ್ಯಾಲೊರಿ ಆಗುತ್ತದೆ ಎಂದು ಸೊಸೆ ಲೆಕ್ಕ ಹಾಕಿದಳು. ಸಂಜೆ ನಾಲ್ಕಕ್ಕೆ ಒಂದು ಹಿಡಿ ತಿಂದರೆ ರಾತ್ರಿ ಊಟದವರೆಗೆ ಬಿಸ್ಕತ್ತಿನ ನೆನಪಾಗುವುದಿಲ್ಲ. ಬೆಲ್ಲವಾದರೆ ತೊಂದರೆಯಿಲ್ಲ ಎಂದುಕೊಳ್ಳುವ ಸಕ್ಕರೆ ಕಾಯಿಲೆಯ ಗೆಳೆಯರು ಮಾತ್ರ ಬೆಲ್ಲವನ್ನು ಆರಿಸಿಟ್ಟು ತಿನ್ನತಕ್ಕದ್ದು.

ಕೊಬ್ಬರಿ ಹೆಚ್ಚುವುದರಲ್ಲಿ ನಮ್ಮ ಬೀದಿಯಲ್ಲಿ ಅಮ್ಮನನ್ನು ಮೀರಿಸಿದವರಿರಲಿಲ್ಲ. ಒಂದೊಂದು ಚೂರೂ ಅಳೆದ ಹಾಗೆ ಒಂದೇ ಸಮ. ಡಿಸೆಂಬರ್ ಕೊನೆಯಿಂದ ಬೀದಿಯ ನಾಲ್ಕಾರು ಮನೆಗಳ ಕೊಬ್ಬರಿ ನಮ್ಮ ಪಡಸಾಲೆಗೆ ಬಂದುಬಿಡುತ್ತಿತ್ತು. 1963ರಲ್ಲಿ ಅಪ್ಪ ತೀರಿಕೊಂಡಾಗ ಅಮ್ಮನಿಗೆ ಮೂವತ್ತಾರು, ನನಗೆ ಒಂಬತ್ತು. ಅದಾದ ಮೇಲೂ ಕೊಬ್ಬರಿ ಬರುವುದು ನಿಲ್ಲಲಿಲ್ಲ. ಹೆಚ್ಚುವುದಕ್ಕೆ, ಹುರಿಯುವುದಕ್ಕೆ, ಕಲಸುವುದಕ್ಕೆ ಅಮ್ಮನ ಕೈ ಆಗುತ್ತಿತ್ತು. ಹಬ್ಬದ ಸಂಜೆ ತಟ್ಟೆ ಹಿಡಿದು ಎಳ್ಳು ಬೀರಲು ಹೋಗುವುದು ಮಾತ್ರ ಮುತ್ತೈದೆಯರದು, ಹೆಣ್ಣುಮಕ್ಕಳದು. ನಾನು ಜರಿಯ ಲಂಗ ಉಟ್ಟು, ಕಬ್ಬಿನ ಜಲ್ಲೆ, ಬಾಳೆಹಣ್ಣು, ಎಲೆ ಅಡಿಕೆ, ಅಚ್ಚು ಇಟ್ಟ ತಟ್ಟೆ ಹಿಡಿದು ಹೊರಡುವಾಗ ಅಮ್ಮ ಬಾಗಿಲವರೆಗೂ ಬರುತ್ತಿರಲಿಲ್ಲ. ನಡುಮನೆಯಿಂದಲೇ, “ಯಾರ ಮನೆಯನ್ನೂ ಬಿಡಬೇಡ” ಎನ್ನುತ್ತಿದ್ದಳು. ಬಂದವರು ಹೊಸಲಿನಲ್ಲಿ ನಿಂತು ನನಗೆ ಕುಂಕುಮ ಹಚ್ಚಿ ಎಳ್ಳು ಕೊಟ್ಟು, “ಅಮ್ಮನಿಗೆ ಹೇಳು, ಕೊಬ್ಬರಿ ಮುತ್ತಿನ ಹಾಗಿದೆ” ಎಂದು ಹೋಗುತ್ತಿದ್ದರು. ಯಾರೂ ಕೆಟ್ಟವರಲ್ಲ. ಕಷ್ಟಕ್ಕೆ ಅಕ್ಕಿ ಕೊಟ್ಟವರೇ. 1998ರಲ್ಲಿ ಸಾಯುವವರೆಗೆ ಅಮ್ಮ ಮೂವತ್ತೈದು ಸಂಕ್ರಾಂತಿಗೆ ಎಳ್ಳು ಮಾಡಿದಳು, ಒಂದಕ್ಕೂ ಬೀರಲಿಲ್ಲ.

ಚರಿತ್ರೆ ಓದಿದವಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ವಿಧವೆಯರ ಮರುವಿವಾಹಕ್ಕೆ 1856ರಲ್ಲೇ ಕಾನೂನಾಯಿತು. ನಂಜನಗೂಡು ತಿರುಮಲಾಂಬ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆ ತೆರೆದು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಬೆಂಗಳೂರಿನ ಆರ್. ಕಲ್ಯಾಣಮ್ಮನವರದೂ ಅದೇ ಕಥೆ. ಬಾಲ್ಯದಲ್ಲೇ ವಿಧವೆಯಾದ ಅವರು ‘ಸರಸ್ವತಿ’ ಪತ್ರಿಕೆ ನಡೆಸಿದರು, 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಅವರಿಬ್ಬರ ಬರಹ ಮನೆಮನೆಯ ಒಳಕ್ಕೆ ಹೋಯಿತು. ಇದನ್ನೆಲ್ಲ ನಾನು ಮೂವತ್ತಮೂರು ವರ್ಷ ಹುಡುಗಿಯರಿಗೆ ಟಿಪ್ಪಣಿ ಬರೆಸಿದ್ದೇನೆ, ಪರೀಕ್ಷೆಗೂ ಕೇಳಿದ್ದೇನೆ. ಕಾನೂನು ತಲುಪದ, ಪುಸ್ತಕವೂ ಅಷ್ಟಾಗಿ ತಲುಪದ ಒಂದು ಜಾಗ ಮನೆಯಲ್ಲಿರುತ್ತದೆ. ನಮ್ಮ ಮನೆಯಲ್ಲಿ ಅದು ನಡುಮನೆಗೂ ಹೊಸಲಿಗೂ ನಡುವಿನ ಎಂಟು ಹತ್ತು ಅಡಿ.

ನಮ್ಮ ಯಜಮಾನರು ಹೋದದ್ದು ಹಿಂದಿನ ವರ್ಷದ ಕಾರ್ತಿಕದಲ್ಲಿ. ಆದ್ದರಿಂದ ಕಳೆದ ಸಂಕ್ರಾಂತಿಗೆ ಕಾಗದವೂ ಇಲ್ಲ, ಎಳ್ಳೂ ಇಲ್ಲ, ವರ್ಷ ತುಂಬಿರಲಿಲ್ಲ. ಈ ಕಾರ್ತಿಕದಲ್ಲಿ ವರ್ಷಾಂತಿಕ ಮುಗಿಯಿತು, ಧನುರ್ಮಾಸ ಬಂತು, ಸೊಸೆ ಸಂತೆಯಿಂದ ಕೊಬ್ಬರಿ ತಂದು ನನ್ನ ಮುಂದಿಟ್ಟಳು. ಹಬ್ಬದ ದಿನ ಮಧ್ಯಾಹ್ನ ಐದು ತಟ್ಟೆ ಜೋಡಿಸಿ, “ಅತ್ತೆ, ನೀವೂ ಸೀರೆ ಬದಲಾಯಿಸಿ, ಹೋಗಿಬರೋಣ” ಎಂದಳು. ದಾವಣಗೆರೆಯ ಹುಡುಗಿ, ಕೇಳಿದ್ದು ಸಹಜವಾಗಿಯೇ. ಎಂಟು ವರ್ಷದ ಮೊಮ್ಮಗಳು ಆಗಲೇ ಲಂಗ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ತಾರೀಖು ಇಪ್ಪತ್ತನಾಲ್ಕು ದಿನ ಸರಿಯಬಹುದು, ದಕ್ಷಿಣ ಅಮೆರಿಕದ ಬೀಜ ತಟ್ಟೆಗೆ ಬರಬಹುದು, ಪಾವು ಗ್ರಾಮಾಗಬಹುದು, ನಾನು ಹೊಸಲು ದಾಟಬಾರದೇ ಎಂದು ಪ್ರಶ್ನೆ ಕೇಳಿಕೊಂಡೆ. ಉತ್ತರ ಗೊತ್ತಿದ್ದರೂ ಸೀರೆ ಬದಲಾಯಿಸಲು ಅರ್ಧ ಗಂಟೆ ಹಿಡಿಯಿತು.

ಮೊದಲ ಮನೆಯವರು ನನ್ನ ಓರಗೆಯವರು, ಮೂವತ್ತು ವರ್ಷದ ಬಳಕೆ. ತಟ್ಟೆ ಹಿಡಿದ ನನ್ನನ್ನು ನೋಡಿ ಒಂದು ಕ್ಷಣ ಬಾಗಿಲಲ್ಲೇ ನಿಂತರು. ಆಮೇಲೆ “ಬನ್ನಿ ಬನ್ನಿ” ಎಂದು ಕೂರಿಸಿ ಕಾಫಿ ಕೊಟ್ಟರು. ಹೊರಡುವಾಗ ಸೊಸೆಗೂ ಮೊಮ್ಮಗಳಿಗೂ ಕುಂಕುಮ ಕೊಟ್ಟು, ಭರಣಿ ಹಿಡಿದ ಕೈ ನನ್ನ ಮುಂದೆ ತಡೆದು, ಹೂವನ್ನೂ ಬಾಳೆಹಣ್ಣನ್ನೂ ಕೊಟ್ಟರು. ಅವರ ಕೈ ಸ್ವಲ್ಪ ನಡುಗಿತು. ಅವರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಒಳಗೆ ಕರೆದು ಕೂರಿಸಿದ್ದೇ ಅವರಿಗೆ ದೊಡ್ಡ ದಾರಿ.

ಎರಡನೆಯ ಮನೆಯಲ್ಲಿ ಬೆಳಗಾವಿ ಕಡೆಯ ಎಳೆಯ ದಂಪತಿ. ಆ ಹುಡುಗಿ ಬಗ್ಗಿ ನಮಸ್ಕಾರ ಮಾಡಿ, ಏನೂ ಯೋಚಿಸದೆ ನನ್ನ ಹಣೆಗೆ ಕುಂಕುಮ ಇಟ್ಟು, ಅಂಗೈಗೆ ಕುಸುರೆಳ್ಳು ಸುರಿದಳು. “ಎಳ್ಳು ಬೆಲ್ಲ ತಗೊಂಡು ಒಳ್ಳೇದು ಮಾತಾಡೋಣ್ರೀ” ಎಂದಳು. ನಾನು ಅದನ್ನು ಒರೆಸಿಕೊಳ್ಳಲಿಲ್ಲ.

ಬೀದಿಯ ಕೊನೆಯ ಮನೆಯ ಅಜ್ಜಿಗೆ ಎಂಬತ್ತೆಂಟು. ಹಗ್ಗದ ಮಂಚದ ಮೇಲೆ ಕೂತಿದ್ದರು. ಕಣ್ಣು ಮಂಜು, ಕಿವಿ ಚುರುಕು. ನಾನು ತಟ್ಟೆಯನ್ನು ಅವರ ಮಡಿಲಲ್ಲಿಟ್ಟೆ. ಬೆರಳಲ್ಲಿ ಕೊಬ್ಬರಿಯ ಚೂರನ್ನು ಮುಟ್ಟಿ ನೋಡಿ, “ಕೈಯಲ್ಲಿ ಹೆಚ್ಚಿದ್ದು” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಅವರು ಹೋದ ಮೇಲೆ ನನಗೆ ಯಾರೂ ಹೀಗೆ ಕೈಗೆ ತಂದು ಕೊಟ್ಟಿರಲಿಲ್ಲ ಕಣಮ್ಮ. ಮಕ್ಕಳ ಹತ್ತಿರ ಒಳಗೆ ಕಳಿಸೋರು” ಎಂದರು. ಎಷ್ಟು ವರ್ಷವಾಯಿತು ಎಂದು ಕೇಳಿದೆ. ಐವತ್ತೊಂದು ಎಂದರು. ಅಲ್ಲಿಂದ ಏಳುವುದಕ್ಕೆ ತಡವಾಯಿತು. ಉಳಿದ ಎರಡು ತಟ್ಟೆಗಳನ್ನು ಸೊಸೆ, ಮೊಮ್ಮಗಳು ಕೊಟ್ಟು ಬಂದರು.

ಮಿಕ್ಕ ವರದಿ ಚಿಕ್ಕದು. ಹಳೆಯ ಮೈಸೂರಿನ ಸಂತೆಗಳ ಬಗ್ಗೆ ಬರೆಯುತ್ತಿರುವ ಪುಸ್ತಕ ಆರನೆಯ ಅಧ್ಯಾಯದಲ್ಲಿ ನಿಂತಿದೆ. ಯಜಮಾನರ ಪುಸ್ತಕಗಳಲ್ಲಿ ಅರ್ಧವನ್ನು ಹಳ್ಳಿಯ ಒಂದು ಗ್ರಂಥಾಲಯಕ್ಕೆ ಕೊಟ್ಟಾಯಿತು. ಅವರು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಅರ್ಧ ನನ್ನ ಹತ್ತಿರವೇ ಇದೆ. ಬಲ ಮಂಡಿ ಪರವಾಗಿಲ್ಲ, ಎಡ ಮಂಡಿ ಮೆಟ್ಟಿಲು ಕಂಡರೆ ತಕರಾರು ಮಾಡುತ್ತದೆ. ಮೊಮ್ಮಗಳು ಈ ಸಲ ಕೊಬ್ಬರಿ ಹೆಚ್ಚಲು ಕೂತಿದ್ದಳು. ಅವಳ ಚೂರುಗಳು ಒಂದು ಬೆಟ್ಟದಷ್ಟು, ಒಂದು ಸಾಸಿವೆಯಷ್ಟು. ನಿಮ್ಮ ಪೊಟ್ಟಣದಲ್ಲಿ ದಪ್ಪ ಚೂರು ಸಿಕ್ಕರೆ ಅದು ಅವಳದು. ಎಳ್ಳನ್ನು ಗಾಳಿಯಾಡದ ಡಬ್ಬಿಗೆ ಹಾಕಿ, ಒದ್ದೆ ಚಮಚ ತಗುಲಿಸಬೇಡಿ. ಹಾಗಿಟ್ಟರೆ ಒಂದು ತಿಂಗಳು ಏನೂ ಆಗುವುದಿಲ್ಲ.